ಉಗುರು ಬೀಳದ ಕಾರು

"ಬಾಗಿಲೆಲ್ಲಿ?"

"ಯಾವ ಬಾಗಿಲು?"

"ಯಾವ ಬಾಗಿಲು ಅಂತ ನನ್ನನ್ನೇ ಕೇಳ್ತೀರಾ? ಕಾರಿನ ಬಾಗಿಲು ಕಣ್ರೀ! ನಿನ್ನೆ ನಾನು ಹೊರಗೆ ಹೋಗುವಾಗ ನಾಲ್ಕೂ ಇದ್ವು. ಈಗ ಎಲ್ಲಿ?"

"ಎಲ್ಲೂ ಹೋಗಿಲ್ಲ, ಒಳಗೇ ಇವೆ. ಬೆಳಬೆಳಿಗ್ಗೆ ಹಾಗೆ ಕೂಗಾಡಬೇಡ, ಉಗುಳು ಹಾರುತ್ತೆ. ಬಣ್ಣ ಇನ್ನೂ ಹಸಿ."

"ಉಗುಳಲ್ಲ, ಕಾಲಲ್ಲಿರೋ ಚಪ್ಪಲಿ ಹಾರುತ್ತೆ ನೋಡ್ತಿರಿ!"

"ಚಪ್ಪಲಿಯಾದರೂ ಹಾರಿಸು, ನನ್ನ ತಲೆಗೆ ಬೀಳೋ ಹಾಗೆ ಹಾರಿಸು. ಕಾರಿಗೆ ಬೀಳಿಸಬೇಡ."

ಹೆಂಡತಿ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದಳು. ಗಂಡ ನಡುಮನೆಯ ಆ ತುದಿಯಲ್ಲಿ ಬೀದಿ ಬಾಗಿಲ ಹತ್ತಿರ ನಿಂತಿದ್ದ. ಇಬ್ಬರ ನಡುವೆ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಕಾರು. ಅವನ ಮೈಯೆಲ್ಲ ಅದರ ಹಿಂದೆ ಮರೆಯಾಗಿ, ಹಳೆಯ ಪೇಪರಿನ ಟೋಪಿ ಹಾಕಿಕೊಂಡ ತಲೆಯೊಂದು ಕಾರಿನ ಮಾಡಿನ ಮೇಲೆ ಇಟ್ಟಂತೆ ಕಾಣುತ್ತಿತ್ತು. ಪಕ್ಕದಲ್ಲಿ ರೋಲರು ಹಿಡಿದ ಕೈ. ಆ ತಲೆ ನಗುತ್ತಿತ್ತು. ಅದನ್ನು ನೋಡಿ ಅವಳ ನೆತ್ತಿಗೆ ಬೆಂಕಿ ಬಿದ್ದಂತಾಯಿತು.

ಕಾರಿಗೆ ನಿಜವಾಗಿಯೂ ಬಾಗಿಲಿರಲಿಲ್ಲ. ಹಿಡಿಕೆ ಇರಬೇಕಾದಲ್ಲಿ ಹಿಡಿಕೆ ಇಲ್ಲ, ಸಂದು ಇರಬೇಕಾದಲ್ಲಿ ಸಂದಿಲ್ಲ. ದೀಪಗಳಿಲ್ಲ, ನಂಬರಿಲ್ಲ. ಮೂಗಿನಿಂದ ಬಾಲದವರೆಗೆ ಒಂದೇ ಕೆನೆ ಬಣ್ಣ, ಬೇಯಿಸಿ ಸುಲಿದಿಟ್ಟ ಮೊಟ್ಟೆಯ ಹಾಗೆ ನುಣ್ಣಗೆ. ಗಾಜುಗಳ ಮೇಲೆ ಅಂಟಿಸಿದ ಪೇಪರು ಮಾತ್ರ ಉಳಿದಿತ್ತು.

"ಗಾಜು ಬಾಕಿ ಇದೆ. ಸಾಹೇಬ್ರು ಬರೋದರೊಳಗೆ ಅದನ್ನೂ ಮುಗಿಸಿಬಿಡ್ತೀನಿ" ಎಂದಿತು ತಲೆ.

ಅವಳು ಹೊಸ್ತಿಲ ಮೇಲೆಯೇ ಕೂತುಬಿಟ್ಟಳು.

ಅವಳಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು, ಅದನ್ನು ಕರೆಯುವವರು ಈಗ ಯಾರೂ ಇರಲಿಲ್ಲ. ಬೀದಿಗೆಲ್ಲ ಅವಳು ಬ್ರೇಕಮ್ಮ. ಕಾರು ಕಲಿಸುವುದು ಅವಳ ಕಸುಬು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬುಡದಲ್ಲಿದ್ದ ಇನ್ನೊಂದು ಬ್ರೇಕನ್ನು ಒತ್ತಿ ಒತ್ತಿ, ಎಷ್ಟೋ ಜನರ ಹಲ್ಲು ಮೂಗು ಉಳಿಸಿದ್ದಳು. ಆ ಕಾಲಿಗೆ ಅದೇ ಅಭ್ಯಾಸವಾಗಿ, ಮನೆಯಲ್ಲಿ ಗಂಡ ಮಾತು ಶುರುಮಾಡಿದರೂ ತನ್ನಷ್ಟಕ್ಕೆ ನೆಲ ಒತ್ತುತ್ತಿತ್ತು. ಗಂಡನ ಮಾತು ಮಾತ್ರ ನಿಲ್ಲುತ್ತಿರಲಿಲ್ಲ.

ಅವಳ ಸ್ಕೂಲೆಂದರೆ ಆ ಒಂದು ಕಾರು ಮತ್ತು ಅವಳು, ಅಷ್ಟೇ. ಕಲಿಯುವವರು ಗೇಟಿಗೆ, ಕಂಬಕ್ಕೆ, ಒಮ್ಮೆ ನಿಂತಿದ್ದ ಎಮ್ಮೆಗೆ ಗುದ್ದಿ ಗುದ್ದಿ, ಒಂದು ಬಾಗಿಲು ಗುಜರಿಯ ಕೆಂಪು ಕಾರಿನದು, ಇನ್ನೊಂದು ನೀಲಿ ಕಾರಿನದು, ಮುಂದಿನ ಮುಚ್ಚಳ ಯಾವ ಕಾರಿನದೋ ಅದಕ್ಕೇ ಗೊತ್ತು. ವಾಹನ ಕಚೇರಿಯ ಅಧಿಕಾರಿ ಅದರ ಸುತ್ತ ಒಂದು ಸುತ್ತು ಬಂದು ಮೂಗು ಮುರಿದಿದ್ದ. "ಏನ್ರೀ ಮೇಡಂ, ಇದು ಕಾರಾ, ತೇಪೆ ಹಾಕಿದ ಚೀಲಾನಾ? ಮುಂದಿನ ಸೋಮವಾರ ನಾನೇ ಮನೆಗೆ ಬಂದು ನೋಡ್ತೀನಿ. ಒಂದೇ ಬಣ್ಣ ಇರಬೇಕು. ಇಲ್ಲದಿದ್ರೆ ಸ್ಕೂಲಿನ ಪರವಾನಗಿ ರದ್ದು."

ಗ್ಯಾರೇಜಿನವನು ಬಣ್ಣಕ್ಕೆ ಹೇಳಿದ ರೇಟು ಕೇಳಿ ಅವಳಿಗೆ ತಲೆ ತಿರುಗಿತು. ಅಷ್ಟು ದುಡ್ಡಿಗೆ ಇನ್ನೊಂದು ಹಳೆ ಕಾರೇ ಬರುತ್ತಿತ್ತು. ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡಳು. ಅವಳು ಮಾಡಿದ ತಪ್ಪು ಅದೊಂದೇ.

ಗಂಡ ಗೋಡೆಗೆ ಬಣ್ಣ ಹೊಡೆಯುವ ಪೇಂಟರು. ಅವನ ಅಪ್ಪನೂ ಪೇಂಟರೇ. ಕೆಲಸ ಚೆನ್ನಾಗಿ ಗೊತ್ತಿತ್ತು, ಕರೆಯುವವರು ಕಡಿಮೆಯಾಗಿದ್ದರು. ಈಗಿನವರಿಗೆ ಮೆಷಿನ್ನು ತಂದು ಬುಸ್ಸೆಂದು ಊದಿ, ಮಧ್ಯಾಹ್ನದ ಊಟದೊಳಗೆ ಮನೆ ಮುಗಿಸಿ ಹೋಗುವವರು ಬೇಕು. ಇವನೋ ಒಂದು ಗೋಡೆಯ ಮುಂದೆ ಒಂದು ವಾರ ತಪಸ್ಸಿಗೆ ಕೂರುವವನು. ಹೆಂಡತಿಯ ಮಾತು ಕೇಳಿದ್ದೇ ಎದ್ದು ನಿಂತ.

"ಮನೇಲಿ ಪೇಂಟರ್ ಇಟ್ಕೊಂಡು ಗ್ಯಾರೇಜಿಗೆ ಹೋಗಿದ್ಯಾ? ನಾಚಿಕೆ ಆಗಲ್ವಾ ನಿನಗೆ? ನಾಲ್ಕು ಗೋಡೆ, ಮೇಲೊಂದು ತಾರಸಿ. ಕಾರಂದ್ರೆ ಚಕ್ರ ಇರೋ ಕೋಣೆ ಅಷ್ಟೇ. ರೋಲರಲ್ಲಿ ಮುಗಿಸಿಕೊಡ್ತೀನಿ, ಗ್ಯಾರೇಜಿನೋನು ಬಂದು ನನ್ನ ಕಾಲು ಹಿಡೀಬೇಕು, ಹಾಗೆ."

"ಗೋಡೆ ಓಡಲ್ಲ ಕಣ್ರೀ, ಕಾರು ಓಡುತ್ತೆ."

"ಓಡೋವಾಗ ಯಾರು ಬಣ್ಣ ಹೊಡೀತಾರೆ? ನಿಲ್ಲಿಸಿ ಹೊಡೆಯೋದು."

ಅವಳ ಕಾಲು ತನ್ನಷ್ಟಕ್ಕೆ ನೆಲ ಒತ್ತಿತು. ಉಪಯೋಗವಾಗಲಿಲ್ಲ.

ಮನೆಯ ಎದುರಿಗೆ ಮರ ಕೊಯ್ಯುವ ಮಿಲ್ಲು. ದಿನವಿಡೀ ಮರದ ಹುಡಿ ಹಾರುತ್ತಿತ್ತು. ಹೊರಗೆ ಹೊಡೆದರೆ ಹಸಿ ಬಣ್ಣದ ಮೇಲೆ ಹುಡಿ ಕೂತು ಕಾರಿಗೆ ಮೈಯೆಲ್ಲ ಕೂದಲು ಬಂದಂತಾಗುತ್ತದೆ ಎಂದು ಗಂಡ ಹೇಳಿದ. ಅದೊಂದು ಮಾತು ಸರಿ ಇತ್ತು. ಅವರ ಮನೆ ಮೊದಲು ಯಾರದೋ ಗೋದಾಮು, ನಡುಮನೆಗೆ ಪಕ್ಕದ ಓಣಿಯ ಕಡೆ ದೊಡ್ಡ ಶಟರು ಇತ್ತು. ಮಂಚವನ್ನು ಅಡುಗೆಮನೆಗೆ ತಳ್ಳಿ, ಬೀರುವನ್ನು ಬಚ್ಚಲ ಬಾಗಿಲಿಗೆ ಒತ್ತಿ, ಕಾರನ್ನು ಒಳಗೆ ನೂಕಿದರು. ಮೂಗು ಗೋಡೆಗೆ ತಾಗಿತು. ಶಟರು ಎಳೆದರೆ ಬಾಲಕ್ಕೂ ಶಟರಿಗೂ ನಡುವೆ ಬೆಕ್ಕು ಕೂಡ ನುಸುಳುವಂತಿರಲಿಲ್ಲ. ಹುಡಿ ಬಾರದ ಹಾಗೆ ಶಟರಿನ ಬುಡಕ್ಕೆ ಗಂಡ ಹಳೆ ಬಟ್ಟೆ ತುರುಕಿದ.

ಹೀಗೆ ನಡುಮನೆ ಎರಡು ಹೋಳಾಯಿತು. ಬೀದಿ ಬಾಗಿಲಿಂದ ಅಡುಗೆಮನೆಗೆ ಹೋಗಬೇಕಾದವರು ಕಾರಿನ ಈ ಕಡೆಯ ಬಾಗಿಲು ತೆಗೆದು, ಹಿಂದಿನ ಸೀಟಿನ ಮೇಲೆ ಜಾರಿ, ಆ ಕಡೆಯ ಬಾಗಿಲಲ್ಲಿ ಇಳಿಯಬೇಕಾಯಿತು. ಮೊದಲ ದಿನ ಎಲ್ಲರೂ ಗೊಣಗಿದರು, ಎರಡನೆಯ ದಿನ ಯಾರೂ ಗೊಣಗಲಿಲ್ಲ. ಹಾಲಿನವಳು ಪಾತ್ರೆ ಸಮೇತ ಕಾರು ಹತ್ತಿ ಇಳಿದು ಅಡುಗೆಮನೆಯಲ್ಲಿ ಹಾಲು ಅಳೆದುಕೊಟ್ಟು, ಮತ್ತೆ ಕಾರು ಹತ್ತಿ ಇಳಿದು ಹೋದಳು. ಹೋಗುವಾಗ ಬಾಗಿಲು ಮೆಲ್ಲಗೆ ಹಾಕಿದಳು, ಪರರ ಕಾರೆಂದು. ಮಾವ, ಅಂದರೆ ಗಂಡನ ಅಪ್ಪ, ನೀರು ಕುಡಿಯಲು ಹೊರಟವರು ನಡುದಾರಿಯಲ್ಲಿ ಸೀಟು ಮೆತ್ತಗಿದೆಯೆಂದು ಕೂತು, ಅಲ್ಲಿಯೇ ನಿದ್ದೆ ಹೋಗುತ್ತಿದ್ದರು. ಅವರು ಏಳುವವರೆಗೆ ಮನೆಯಲ್ಲಿ ಓಡಾಟ ಬಂದ್.

ಬ್ರೇಕಮ್ಮ ಪಾಠವನ್ನೂ ನಿಲ್ಲಿಸಲಿಲ್ಲ. ಕಲಿಯುವವರು ಬೀದಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನಿಂತ ಕಾರಿನಲ್ಲಿ ಕೂತು ಕ್ಲಚ್ಚು ಒತ್ತಿದರು, ಗೇರು ಹಾಕಿದರು, ಗೋಡೆ ನೋಡುತ್ತ ಸ್ಟೇರಿಂಗು ತಿರುಗಿಸಿದರು. ರಸ್ತೆಯಲ್ಲಿ ಎಲೆಯಂತೆ ನಡುಗುತ್ತಿದ್ದ ದರ್ಜಿಯೊಬ್ಬ ನಡುಮನೆಯಲ್ಲಿ ಹುಲಿಯಾದ.

"ಇಲ್ಲಿ ಎಷ್ಟು ಆರಾಮ ಮೇಡಂ, ಯಾರೂ ಅಡ್ಡ ಬರಲ್ಲ" ಎಂದ.

"ಅಡ್ಡ ಬರೋಕೆ ನೀನು ಎಲ್ಲಿಗಾದ್ರೂ ಹೋಗಬೇಕಲ್ಲಪ್ಪಾ" ಎಂದಳು ಅವಳು.

ಬಣ್ಣದ ಕೆಲಸ ಮೊದಮೊದಲು ಸರಿಯಾಗಿಯೇ ಸಾಗಿತು. ಗಂಡ ತುಕ್ಕು ಕೆರೆದ, ಉಬ್ಬುತಗ್ಗುಗಳಿಗೆ ಪುಟ್ಟಿ ಮೆತ್ತಿದ, ನೀರು ಹಾಕಿ ಹಾಕಿ ಉಜ್ಜುವ ಕಾಗದದಿಂದ ಉಜ್ಜಿದ. ಎಣ್ಣೆ ಬಣ್ಣಕ್ಕೆ ಥಿನ್ನರು ಬೆರೆಸಿ ಸ್ಪಂಜಿನ ಸಣ್ಣ ರೋಲರಿನಿಂದ ಮೊದಲ ಕೈ ಹೊಡೆದ. ಅದು ಒಣಗಿ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿಯಾಯಿತು. ಬೇಸರಿಸದೆ ಮತ್ತೆ ಉಜ್ಜಿದ, ಮತ್ತೆ ಹೊಡೆದ. ಮೂರನೆಯ ಕೈಗೆ ಹೊಳಪು ಬಂತು. ಕೆಂಪು ಬಾಗಿಲು ಯಾವುದು ನೀಲಿ ಬಾಗಿಲು ಯಾವುದು ಎಂದು ಅವಳಿಗೇ ಗುರುತು ಹತ್ತಲಿಲ್ಲ. ಭಾನುವಾರ ಬೆಳಿಗ್ಗೆ ಕಲಿಯುವವರಿಗೆ ರಸ್ತೆ ಸನ್ನೆಗಳ ಪಾಠವೆಂದು ಮೈದಾನಕ್ಕೆ ಹೊರಟವಳು, ಕಾರಿನೊಳಗಿಂದ ಜಾರಿ ಆ ಕಡೆ ಇಳಿದು, ಗಂಡನ ಮುಖ ನೋಡಿ, "ಪರವಾಗಿಲ್ಲ ಕಣ್ರೀ, ಚೆನ್ನಾಗಿ ಬಂದಿದೆ" ಎಂದಿದ್ದಳು. ಆ ಮನೆಯಲ್ಲಿ ಅಷ್ಟು ಹೊಗಳಿಕೆ ವರ್ಷಕ್ಕೊಮ್ಮೆ ಬೀಳುವುದು. ಗಂಡ ಹಿರಿಹಿರಿ ಹಿಗ್ಗಿದ. ಸಾಕೆಂದು ಅಲ್ಲಿಗೇ ರೋಲರು ತೊಳೆದಿಟ್ಟಿದ್ದರೆ ಆಗಿತ್ತು.

ಮಾವ ಎದ್ದು ಬಂದು ಉಗುರು ಎಳೆದರು.

ಉಗುರು ಎಳೆಯುವುದು ಆ ಮನೆತನದ ಪದ್ಧತಿ. ಬಣ್ಣ ಹೊಡೆದ ಗೋಡೆಯ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕಿರುಬೆರಳ ಉಗುರು ಎಳೆಯಬೇಕು. ಉಗುರು ಎಲ್ಲಿಯೂ ಬೀಳಬಾರದು. ಬಿದ್ದರೆ ಅಲ್ಲಿ ಬಿರುಕಿದೆ ಎಂದು ಅರ್ಥ, ಪುಟ್ಟಿ ತುಂಬಿ ಉಜ್ಜಿ ಇಡೀ ಗೋಡೆಗೆ ಹೊಸ ಕೈ ಕೊಡಬೇಕು. ಕೊಡುವವರೆಗೆ ಊಟಕ್ಕೆ ಕೂರುವಂತಿಲ್ಲ. ಈ ಕೆಲಸಕ್ಕೆಂದೇ ಮಾವ ಕಿರುಬೆರಳ ಉಗುರನ್ನು ಉದ್ದ ಬಿಟ್ಟಿದ್ದರು.

ಉಗುರು ಕಾರಿನ ಮೂಗಿನಿಂದ ಹೊರಟಿತು. ಮುಂದಿನ ಮುಚ್ಚಳದ ಸಂದಿನಲ್ಲಿ ಬಿತ್ತು. "ಬಿತ್ತು" ಎಂದರು ಮಾವ. ಬಾಗಿಲಿನ ಸಂದಿನಲ್ಲಿ ಬಿತ್ತು. "ಇಲ್ಲೂ ಬಿತ್ತು. ಏನೋ ಇದು? ಮೇಲಿಂದ ಕೆಳಗಿನವರೆಗೂ ಬಿರುಕು ಬಿಟ್ಟಿದೆ!"

"ಅದು ಬಾಗಿಲಪ್ಪಾ" ಎಂದ ಮಗ.

"ಬಾಗಿಲೋ ಕಿಟಕಿಯೋ, ಉಗುರು ಬಿತ್ತೋ ಇಲ್ವೋ?"

ಮಗ ತಲೆ ಕೆರೆದುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ಯೋಚಿಸಿದ ಎಂದು ಅವನೇ ಆಮೇಲೆ ಹೇಳಿದ್ದು. ಹುಟ್ಟಿದಾಗಿನಿಂದ ಬಿರುಕು ಕಂಡರೆ ಮುಚ್ಚುವ ಕೈ ಅವನದು. ಅಪ್ಪನ ಉಗುರು ಬಿದ್ದ ಕಡೆಯೆಲ್ಲ ಪುಟ್ಟಿ ಹೋಯಿತು. ಬಾಗಿಲ ಸಂದಿಗೆ ಹೋಯಿತು, ಹಿಡಿಕೆಯ ಗುಳಿಗೆ ಹೋಯಿತು, ದೀಪಗಳ ಸುತ್ತ ಹೋಗಿ ದೀಪಗಳ ಮೇಲೂ ಹತ್ತಿತು, ಕೀಲಿ ಹಾಕುವ ತೂತಿಗೂ ಹೋಯಿತು. ನಂಬರ್ ಪ್ಲೇಟಿನ ಅಂಕಿಗಳು ಉಬ್ಬಿದ್ದರಿಂದ ಉಗುರು ಅಲ್ಲಿಯೂ ತಡೆಯಿತು. ಅದರ ಮೇಲೆ ತೆಳ್ಳಗೆ ಎರಡು ಸಲ ಎಳೆದ. ಆಮೇಲೆ ಉಜ್ಜಿ, ಮತ್ತೊಂದು ಕೈ ಬಣ್ಣ. ಸಂಜೆ ಹೆಂಡತಿ ಹಿತ್ತಿಲ ಬಾಗಿಲಿಂದ ಬಂದು, ಬಣ್ಣದ ವಾಸನೆಗೆ ಮೂಗಿಗೆ ಸೆರಗು ಹಿಡಿದು, ಅಡುಗೆಮನೆಯ ಕದ ಮುಚ್ಚಿ ಮಲಗಿಬಿಟ್ಟಳು. ಅಪ್ಪ ಮಗ ಬೀದಿ ಕಡೆಯ ಜಗಲಿಯ ಮೇಲೆ ಮಲಗಿದರು. ಬೆಳಿಗ್ಗೆ ಎದ್ದು ಅವಳು ಕದ ತೆಗೆದಾಗ ಆದದ್ದು ಮೇಲೆ ಹೇಳಿದ ಜಗಳ.

"ಈಗ ಆ ಕಡೆ ಬರೋದು ಹೇಗೆ?" ಎಂದಳು, ಹೊಸ್ತಿಲ ಮೇಲೆ ಕೂತಲ್ಲಿಂದಲೇ.

"ಹಿತ್ತಿಲ ಬಾಗಿಲಲ್ಲಿ ಹೋಗಿ, ಹಿಂದಿನ ಓಣಿ ಸುತ್ತಿಕೊಂಡು, ಬೀದಿ ಬಾಗಿಲಿಗೆ ಬಾ. ಎಷ್ಟು ದೂರ?"

"ನನ್ನ ಮನೇಲಿ ನಾನು ಅಡುಗೆಮನೆಯಿಂದ ನಡುಮನೆಗೆ ಬರೋಕೆ ಊರು ಸುತ್ತಬೇಕಾ?"

"ನಡೆದರೆ ಮೈಗೆ ಒಳ್ಳೇದಮ್ಮಾ" ಎಂದರು ಮಾವ ಆ ಕಡೆಯಿಂದ. ಅವರು ಕುಳ್ಳು, ಮಾತು ಮಾತ್ರ ಕೇಳಿಸಿತು.

"ನೀವು ಸುಮ್ನಿರಿ ಮಾವಾ! ನಿಮ್ಮ ಉಗುರಿಂದಲೇ ಇಷ್ಟೆಲ್ಲ ಆಗಿದ್ದು. ಹಿಡಿದು ಕತ್ತರಿಸಿಬಿಡ್ತೀನಿ ಒಂದು ದಿನ!"

ಆ ಕಡೆ ಹೆಜ್ಜೆ ಹಿಂದೆ ಸರಿದ ಸದ್ದು. ಮಾವ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರಬೇಕು.

ಅಧಿಕಾರಿ ಹೇಳಿದ ಹೊತ್ತಿಗೇ ಬಂದ. ಅವನ ಹಿಂದೆ ಕಲಿಯುವವರು ಏಳೆಂಟು ಜನ, ಮೇಡಂ ಸ್ಕೂಲು ಉಳಿಯುತ್ತೋ ಇಲ್ಲವೋ ನೋಡಲು ಬಂದವರು. ಎಲ್ಲರೂ ಬೀದಿಯ ಕಡೆಯ ಹೋಳಿನಲ್ಲಿ ಒತ್ತಿಕೊಂಡು ನಿಂತರು. ಬ್ರೇಕಮ್ಮ ಅಡುಗೆಮನೆಯ ಕಡೆಯೇ ನಿಂತಳು. ಸ್ವಂತ ಮನೆಯಲ್ಲಿ ಊರು ಸುತ್ತಿ ಬರುವುದಿಲ್ಲವೆಂದು ಅವಳು ಹಟ ಹಿಡಿದಿದ್ದಳು. ನಮಸ್ಕಾರವನ್ನೂ ಕಾರಿನ ಮೇಲಿಂದಲೇ ಮಾಡಿದಳು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. ಇನ್ನೂ ಬಗ್ಗಿ ನೋಡಿದ.

"ಬಣ್ಣ ಒಂದೇ ಇದೆ" ಎಂದ.

"ಒಂದೇ ಸಾರ್" ಎಂದ ಗಂಡ.

"ಬಾಗಿಲು ಸರಿಯಾಗಿ ಮುಚ್ಚುತ್ವಾ?"

"ಇದಕ್ಕಿಂತ ಸರಿಯಾಗಿ ಯಾವ ಬಾಗಿಲು ಮುಚ್ಚುತ್ತೆ ಸಾರ್? ಉಗುರು ಎಳೆದು ನೋಡಿ ಬೇಕಾದ್ರೆ. ಈ ಕಡೆ ಒಣಗಿದೆ."

ಅಧಿಕಾರಿ ಉಗುರು ಎಳೆದ. ಎಲ್ಲರೂ ಕತ್ತು ಚಾಚಿ ನೋಡಿದರು. ಉಗುರು ಮೂಗಿನಿಂದ ಬಾಲದವರೆಗೆ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಅವನ ಬಾಯಿಂದ "ಅಬ್ಬಾ" ಎಂದು ಬಂದೇಬಿಟ್ಟಿತು. ವಾಪಸ್ಸು ಬರುವಾಗಲೂ ಎಳೆದುಕೊಂಡೇ ಬಂದ. ದರ್ಜಿ ಚಪ್ಪಾಳೆ ತಟ್ಟಿದ.

"ಬಾಗಿಲು ತೆರೆಯುತ್ವಾ?" ಎಂದು ಅಧಿಕಾರಿ ಮುಂದಿನದನ್ನು ಕೇಳಿದ.

ಗಂಡ ಅಪ್ಪನ ಮುಖ ನೋಡಿದ. "ತೆರೆಯೋದು ಅಂದ್ರೆ... ಅದು ಮುಂದಿನ ಕೆಲಸ ಸಾರ್."

"ನಂಬರು?"

"ಇದೆ ಸಾರ್, ಕೆಳಗಡೆ ಇದೆ. ಬಣ್ಣದ ಕೆಳಗೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದ. ಕಾರಿನ ಮಾಡಿನ ಮೇಲಿಂದ ಬ್ರೇಕಮ್ಮನ ಕಡೆ ತಿರುಗಿದ. "ಮೇಡಂ, ತಪ್ಪು ತಿಳೀಬೇಡಿ. ಕೆಲಸ ಬಹಳ ಚೆನ್ನಾಗಿದೆ, ಇಂಥದ್ದು ನಾನು ನೋಡಿಲ್ಲ. ಆದ್ರೆ ಇದು ವಾಹನ ಅಲ್ಲ. ಒಳಗೆ ಹೋಗೋಕೆ ಆಗಬೇಕು, ಹೊರಗೆ ಬರೋಕೆ ಆಗಬೇಕು, ಅದು ವಾಹನ. ಇದು ಏನಂದ್ರೆ... ಕಟ್ಟಡ. ಕಟ್ಟಡಕ್ಕೂ ನಮ್ಮ ಇಲಾಖೆಗೂ ಸಂಬಂಧ ಇಲ್ಲ."

ಬ್ರೇಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಸಾರ್, ಸಂಜೆವರೆಗೆ ಟೈಮ್ ಕೊಡಿ. ಇದನ್ನ ಓಣಿಗೆ ಓಡಿಸಿಕೊಂಡು ಬಂದು ನಿಮ್ಮ ಮುಂದೆ ನಿಲ್ಲಿಸ್ತೀನಿ. ಆಗ ಸಹಿ ಹಾಕ್ತೀರಾ?"

"ಓಡಿದ್ರೆ ಕಾರು. ನಾನ್ಯಾಕೆ ಇಲ್ಲ ಅನ್ನಲಿ? ಸಂಜೆವರೆಗೆ ಇಲ್ಲೇ ಎದುರು ಮಿಲ್ಲಿನ ಹತ್ತಿರ ಲಾರಿಗಳನ್ನ ನೋಡ್ತಾ ಇರ್ತೀನಿ."

ಅವಳು ಅಡುಗೆಮನೆಗೆ ನುಗ್ಗಿ ತರಕಾರಿ ಹೆಚ್ಚುವ ಚಾಕು ತಂದಳು. ಬಾಗಿಲಿನ ಗೆರೆ ಎಲ್ಲಿತ್ತೆಂದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅಷ್ಟು ಸಲ ಆ ಬಾಗಿಲು ತೆಗೆದು ಕೂತವಳು ಅವಳು. ಚಾಕುವಿನ ತುದಿಯನ್ನು ಬಣ್ಣಕ್ಕೆ ಒತ್ತಿದಳು.

ಆ ಕಡೆಯಿಂದ ಗಂಡ ತನ್ನ ಹೊಟ್ಟೆಗೇ ಚಾಕು ಇಟ್ಟಂತೆ ಚೀರಿದ. "ಏಯ್! ಬೇಡ್ವೇ! ನಿನ್ನ ಕಾಲಿಗೆ ಬೀಳ್ತೀನಿ ಕಣೇ, ಬೇಡ!"

"ಯಾಕ್ರೀ ಬೇಡ?"

"ಸಾಹೇಬ್ರ ಉಗುರೇ ಬೀಳಲಿಲ್ಲ, ನೋಡಿದ್ಯಲ್ಲ! ನನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಒಂದು ಗೋಡೆನೂ ಬಂದಿರಲಿಲ್ಲ ಕಣೇ. ಸಾರ್, ನೀವೇ ಹೇಳಿ ಸಾರ್."

ಅಧಿಕಾರಿ ಹೊರಗೆ ಹೊರಟವನು ಬಾಗಿಲಲ್ಲಿ ತಡೆದು ನಿಂತ. "ನಮ್ಮ ಕಚೇರಿ ಗೋಡೆಯೆಲ್ಲ ಬಿರುಕು ಬಿಟ್ಟಿದೆ. ಮಳೆಗಾಲದಲ್ಲಿ ಒಳಗೇ ಕೊಡೆ ಹಿಡೀತೀವಿ. ನಮ್ಮ ದೊಡ್ಡ ಸಾಹೇಬ್ರನ್ನ ಈ ವಾರ ಕರ್ಕೊಂಡು ಬಂದು ಇದನ್ನ ತೋರಿಸಬಹುದು. ಕಂಡರೆ ಕೆಲಸ ನಿಮಗೇ. ಆದ್ರೆ ಹೀಗೇ ಇರಬೇಕು, ಹೀಗೇ. ಗೀರು ಬಿದ್ದರೆ ಅವರು ಒಪ್ಪಲ್ಲ."

ಗಂಡನ ಕಣ್ಣಲ್ಲಿ ನೀರು ಬಂತು. ಅವಳು ಅದನ್ನು ಕಂಡಳು. ಎಷ್ಟೋ ದಿನಗಳಿಂದ ಯಾರೂ ಅವನನ್ನು ಕೆಲಸಕ್ಕೆ ಕರೆದಿರಲಿಲ್ಲ, ಅದೂ ಅವಳಿಗೆ ಗೊತ್ತಿತ್ತು. ಚಾಕುವನ್ನು ಬಣ್ಣದಿಂದ ಎತ್ತಿ ಹಿಡಿದಳು. ಅವನು ಒಂದು ಮಾತು ಕೇಳಲಿ ಎಂದು ಕಾದಳು. ನಿನ್ನ ಸ್ಕೂಲಿಗೆ ಏನು ಮಾಡೋಣ ಎಂದರೆ ಸಾಕಾಗಿತ್ತು.

"ಒಂದು ವಾರ ಇರಲಿ ಕಣೇ" ಎಂದ ಅವನು. "ಒಂದೇ ವಾರ. ಆಮೇಲೆ ನೋಡೋಣ."

"ಸಂಜೆ ಸಹಿ ಬೀಳದಿದ್ರೆ ಸ್ಕೂಲು ಮುಚ್ತು ಅಂತ ಅರ್ಥ. ಗೊತ್ತಾಯ್ತಾ ನಿಮಗೆ?"

"ಮುಚ್ಚೋದು ಎಂಥದು? ಇಷ್ಟು ದಿನ ನಡುಮನೆಯಲ್ಲೇ ಪಾಠ ಮಾಡ್ತಿದ್ಯಲ್ಲ! ಹಾಗೇ ಮಾಡು. ಒಳಗೆ ಕೂರೋಕೆ ಆಗದಿದ್ರೆ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಮಾಡು. ನೋಡಿ ಕಲೀಲಿ, ಕೈ ಹಚ್ಚದಿದ್ರೆ ಸಾಕು."

ದರ್ಜಿ, "ಕುರ್ಚಿ ನಾನು ಮನೆಯಿಂದ ತರ್ತೀನಿ ಮೇಡಂ" ಎಂದ. ಅವನ ಪಕ್ಕದಲ್ಲಿದ್ದವಳು ಅವನ ಪಕ್ಕೆಗೆ ತಿವಿದಳು.

ಬ್ರೇಕಮ್ಮನಿಗೆ ಕೋಪ ಬರಲಿಲ್ಲ. ಅದೇ ಆಶ್ಚರ್ಯ. ಬೆಳಿಗ್ಗೆಯಿಂದ ಕುದಿಯುತ್ತಿದ್ದದ್ದು ಒಲೆ ಆರಿದ ಹಾಗೆ ತಣ್ಣಗಾಯಿತು. ಗಂಡ ಈ ಕಾರಿಗೆ ಬಣ್ಣ ಹೊಡೆದದ್ದು ತನ್ನ ಸ್ಕೂಲಿಗೆಂದು ಇಷ್ಟು ದಿನ ಅಂದುಕೊಂಡಿದ್ದಳು. ಅವನೂ ಹಾಗೇ ಅಂದುಕೊಂಡು ಶುರುಮಾಡಿದ್ದಿರಬೇಕು, ಸುಳ್ಳೇನೂ ಇಲ್ಲ. ಯಾವಾಗಲೋ ನಡುವೆ ಸ್ಕೂಲು ಅವನ ನೆನಪಿನಿಂದ ಜಾರಿತ್ತು. ಚಾಕು ಒತ್ತಿದ ಕಡೆ ಸಾಸಿವೆ ಕಾಳಿನಷ್ಟು ಗುರುತು ಬಿದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಚಾಕುವನ್ನು ಅಡುಗೆ ಕಟ್ಟೆಯ ಮೇಲೆ ಇಟ್ಟಳು.

"ಸಾರ್," ಎಂದಳು, "ಸ್ಕೂಲಿನ ಪರವಾನಗಿ ರದ್ದಾದ್ರೆ ಕಲಿಸೋ ಲೈಸೆನ್ಸೂ ಹೋಗುತ್ತಾ?"

"ಇಲ್ಲ ಮೇಡಂ. ಸ್ಕೂಲು ಕಾರಿನ ಮೇಲೆ, ಲೈಸೆನ್ಸು ನಿಮ್ಮ ಮೇಲೆ. ನೀವು ಯಾವ ಊರಲ್ಲಿ ಯಾರ ಕಾರಲ್ಲಿ ಬೇಕಾದ್ರೂ ಕಲಿಸಬಹುದು. ಕಲಿಸೋ ಹೆಂಗಸರು ಸಿಗ್ತಿಲ್ಲ ಅಂತ ಎಲ್ಲ ಕಡೆ ಬಾಯಿ ಬಾಯಿ ಬಿಡ್ತಿದ್ದಾರೆ."

"ಸರಿ ಸಾರ್."

ಅವಳು ಒಳಗೆ ಹೋದಳು. ಮಂಚದ ಕೆಳಗಿನ ಚೀಲ ಎಳೆದು ಎರಡು ಸೀರೆ, ಕನ್ನಡಕ, ಲೈಸೆನ್ಸು ಹಾಕಿಕೊಂಡಳು. ಒಲೆಯ ಮೇಲೆ ಅನ್ನ ಬೆಂದಿತ್ತು, ಒಲೆ ಆರಿಸಿದಳು. ಬಿಸಿ ಆರದಿರಲೆಂದು ತಟ್ಟೆ ಮುಚ್ಚಿದಳು. ಮಾವ ಹಸಿವು ತಡೆಯುವವರಲ್ಲ.

ಆ ಕಡೆ ಗಂಡ ಯಾರಿಗೋ ಹೇಳುತ್ತಿದ್ದ: "ಉಜ್ಜೋವಾಗ ನೀರು ಕೈ ಬಿಡಬಾರದು, ಅದೇ ಗುಟ್ಟು." ಮಾವ ನಡುವೆ ಬಾಯಿ ಹಾಕಿ, ಗುಟ್ಟು ನೀರಲ್ಲ, ಉಗುರು ಎನ್ನುತ್ತಿದ್ದರು. ಆಮೇಲೆ ಗಂಡನ ಧ್ವನಿ ಅಡುಗೆಮನೆಯ ಕಡೆ ತಿರುಗಿತು.

"ಲೇ, ಇವಳೇ! ಸುತ್ತಿಕೊಂಡು ಈ ಕಡೆ ಬಾರೇ. ಬೀದಿ ಬೆಳಕಲ್ಲಿ ನಿಂತು ನೋಡು ಒಂದ್ಸಲ. ಮುಖ ಕಾಣುತ್ತೆ ಅದರಲ್ಲಿ."

"ಹೊರಟೆ" ಎಂದಳು ಅವಳು.

ಹಿತ್ತಿಲ ಬಾಗಿಲು ಎಳೆದುಕೊಂಡು ಓಣಿಗೆ ಇಳಿದಳು. ಒಂದು ಮನೆಯ ಹಿಂದೆ ಬಟ್ಟೆ ಒಣಗುತ್ತಿದ್ದವು, ಇನ್ನೊಂದು ಮನೆಯ ಹಿಂದೆ ಹೆಂಗಸೊಬ್ಬಳು ಪಾತ್ರೆ ಉಜ್ಜುತ್ತಿದ್ದಳು. "ಎಲ್ಲಿಗೆ ಬ್ರೇಕಮ್ಮಾ, ಚೀಲ ಹಿಡ್ಕೊಂಡು?" ಎಂದಳು. "ಕೆಲಸಕ್ಕೆ" ಎಂದು ಇವಳು ನಿಲ್ಲದೆ ನಡೆದಳು. ಓಣಿಯ ಕೊನೆಯಲ್ಲಿ ಬಲಕ್ಕೆ ಹೊರಳಿದರೆ ಸ್ವಂತ ಮನೆಯ ಬೀದಿ ಬಾಗಿಲು, ಎಡಕ್ಕೆ ಹೊರಳಿದರೆ ಬಸ್ಸು ನಿಲ್ಲುವ ದೊಡ್ಡ ರಸ್ತೆ. ಬಲಗಡೆ ಮಿಲ್ಲಿನ ಗರಗಸದ ಸದ್ದು, ಅದರ ನಡುವೆ ಗಂಡನ ಕೂಗು: "ಎಲ್ಲಿದೀಯೇ? ಇಷ್ಟು ದೂರ ಬರೋಕೆ ಎಷ್ಟು ಹೊತ್ತು?"

ಅವಳು ಎಡಕ್ಕೆ ಹೊರಳಿದಳು. ಬಸ್ಸು ಬಂದಿತ್ತು, ಓಡಿ ಹತ್ತಿದಳು.